ಗೋಡೆಗೆ ಮುಖ ಮಾಡಿ ಉಂಡವಳು

ನಮ್ಮ ಸಂಗಮೇಶ ಸರ್ ಪುಸ್ತಕ ಓದುವುದಿಲ್ಲ. ನಾನು ಓದಿದ್ದನ್ನು ಬಸ್ಸಿನಲ್ಲಿ ಕೇಳಿಸಿಕೊಳ್ಳುತ್ತಾರೆ, ಅಷ್ಟೆ. ವಿಜಯಪುರದಿಂದ ಬಬಲೇಶ್ವರದ ಕಾಲೇಜಿಗೆ ನಾವಿಬ್ಬರೂ ಒಂದೇ ಬಸ್ಸು. ಅವರು ಕಲಿಸುವುದು ಕನ್ನಡ, ನಾನು ಇತಿಹಾಸ. "ವಿಶಾಖಾ ಮೇಡಮ್, ಈಗ ಏನ್ ಓದಾಕತ್ತೀರಿ?" ಎಂದು ಬಾಯಿತುಂಬ ಕೇಳುವರು. ನಾನೊಬ್ಬಳು ಹುಚ್ಚಿ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ ನನಗೆ. ನಾನು ಹೇಳಿದ್ದು ಮುಂದಿನ ಭಾನುವಾರ ಪತ್ರಿಕೆಯಲ್ಲಿ ಅವರ ಅಂಕಣವಾಗಿ ಬರುತ್ತಿತ್ತು. ಹಾಳಾಗಿ ಹೋಗಲಿ, ವಿಚಾರವೇನು ನನ್ನಪ್ಪನ ಆಸ್ತಿಯೇ ಎಂದು ಸಿಟ್ಟು ನುಂಗಿಕೊಂಡಿದ್ದೆ. ಆದರೆ ಈ ಸಲ ಆ ಮನುಷ್ಯ ನನ್ನ ಅವ್ವನನ್ನೇ ಕದ್ದ.

ಆಗಿದ್ದಿಷ್ಟು. ಹಸಿವಿನ ಬಗ್ಗೆ ಒಂದು ಪುಸ್ತಕ ಓದಿದ್ದೆ. ಹಸಿದವರು ಹೊಟ್ಟೆಗಿಂತ ಮೊದಲು ಮಾನ ಕಾಯ್ದುಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಓದುತ್ತಿದ್ದಂತೆ ಅವ್ವ ನೆನಪಾದಳು. ನನ್ನ ಅವ್ವ ಸಾವಂತ್ರವ್ವ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಸಕಡ್ಡಿ ಆರಿಸುವ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಮಧ್ಯಾಹ್ನ ಉಳಿದ ಹೆಂಗಸರೆಲ್ಲ ಬುತ್ತಿ ಬಿಚ್ಚಿ ಸುತ್ತುಗಟ್ಟಿ ಕೂತರೆ ಅವ್ವ ಒಬ್ಬಳೇ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಸಣ್ಣವಳಿದ್ದಾಗ ಯಾಕೆಂದು ಕೇಳಿದ್ದೆ.

"ನನ್ನ ಬುತ್ತ್ಯಾಗ ಬರೇ ರೊಟ್ಟಿ, ಖಾರ. ಮಂದಿ ನೋಡಿ ಅಯ್ಯ ಪಾಪ ಅಂತಾರ. ಅವರ ಪಾಪ ನನಗ ಬ್ಯಾಡವಾ" ಅಂದಿದ್ದಳು.

ಇದನ್ನು ಬಸ್ಸಿನಲ್ಲಿ ಹೇಳಿದೆ. ಸಂಗಮೇಶ ಸರ್ ಕಣ್ಣೊರೆಸಿಕೊಂಡರು. ಭಾನುವಾರ ನೋಡಿದರೆ ಅಂಕಣದಲ್ಲಿ ರೊಟ್ಟಿ, ಖಾರ, ಗೋಡೆ ಎಲ್ಲ ಬಂದಿದೆ, ಉಣ್ಣುತ್ತಿರುವವಳು ಮಾತ್ರ ಅವರ ಅವ್ವ ತುಂಗಾಬಾಯಿ! ಕೈತುಂಬ ಬಂಗಾರದ ಬಳೆಯ ತುಂಗಾಬಾಯಿ, ಅದೇ ಶೆಡ್ಡಿನ ಒಡತಿ! ಶೆಡ್ಡು ಯಾರದೆಂದು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಸಣ್ಣಂದಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವರಿಗೆ ತಮ್ಮ ಶೆಡ್ಡಿನಲ್ಲಿ ಯಾರು ಹೇಗೆ ಉಂಡರೆಂದು ಏನು ಗೊತ್ತು?

"ಸರ್, ಅದು ನಮ್ಮವ್ವನ ಮಾತು" ಎಂದೆ ಮರುದಿನ ಬಸ್ಸಿನಲ್ಲಿ.

"ಅಯ್ಯ, ಬಿಡ್ರಿ ಮೇಡಮ್. ಅವ್ವ ಅಂದ್ರ ಎಲ್ಲಾರಿಗೂ ಅವ್ವನ ಅಲ್ಲೇನ್ರಿ? ಬರಿಯೂದ್ರಾಗ ನಿಂದು ನಂದು ಇರೂದಿಲ್ರಿ" ಎಂದು ನಕ್ಕರು.

ಆ ನಗೆಗೆ ಮೈಯೆಲ್ಲ ಉರಿಯಿತು. ಇರು ಮಗನೇ, ನಿನ್ನ ಅವ್ವನ ಬಾಯಿಂದಲೇ ನಿನ್ನ ಮಾನ ಕಳೆಯದಿದ್ದರೆ ನಾನು ಸಾವಂತ್ರವ್ವನ ಮಗಳೇ ಅಲ್ಲ ಎಂದುಕೊಂಡೆ.

ದಾರಿ ತಾನಾಗಿ ಸಿಕ್ಕಿತು. ವಿಜಯಪುರದ ನಮ್ಮ ಓದುಗರ ಬಳಗದವರು ಅಂಕಣ ಓದಿ ಅತ್ತು, ಆ ತಾಯಿಗೆ ಶಾಲು ಹೊದಿಸಿಯೇ ಸೈ ಎಂದರು. ಬಳಗದಲ್ಲಿ ಒಂದು ಪದ್ಧತಿ ಇದೆ: ಮೊದಲು ಬರಹವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಶಾಲು ಆಮೇಲೆ. ಓದುವವಳು ಯಾವಾಗಲೂ ನಾನೇ. ಸಂಗಮೇಶ ಸರ್ ಮುಖ ಸಪ್ಪಗಾಯಿತು.

"ಅವ್ವಗ ಮೊಣಕಾಲ ನೋವ್ರಿ, ಬರಾಕ ಆಗೂದಿಲ್ಲ."

"ನೀವ್ಯಾಕ ಚಿಂತಿ ಮಾಡ್ತೀರಿ ಸರ್? ನನ್ನ ತಮ್ಮ ರಾಜರತ್ನನ ಕಾರ್ ಐತಿ. ನಾನ ಕರಕೊಂಡ ಬರ್ತೀನಿ" ಅಂದೆ.

ತಿಕೋಟಾಕ್ಕೆ ಹೋದಾಗ ತುಂಗಾಬಾಯಿಗೆ ನನ್ನ ಗುರುತು ಸಿಗಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಪತ್ರಿಕೆಯನ್ನೂ ಓದಿರಲಿಲ್ಲ. ಮಗ ತನ್ನ ಬಗ್ಗೆ ಬರೆದಿದ್ದಾನೆಂದು ಹಿಗ್ಗಿ ಹೀರೇಕಾಯಿಯಾಗಿದ್ದಳು. "ಏನ್ ಬರದಾನವಾ?" ಎಂದು ದಾರಿಯುದ್ದಕ್ಕೂ ಕೇಳಿದಳು. "ಅಲ್ಲೇ ಓದ್ತೀನ್ರಿ, ಬಾಯಾರ" ಅಂದೆ.

ಸಭೆಯ ಮುಂದಿನ ಸಾಲಿನಲ್ಲಿ ಅವ್ವನನ್ನೂ ಹೊಸ ಸೀರೆ ಉಡಿಸಿ ಕೂಡಿಸಿದ್ದೆ. ಕಳ್ಳನ ಮಾನ ಹೋಗುವುದನ್ನು ಅವಳೂ ಕಣ್ಣಾರೆ ನೋಡಲಿ ಎಂದು.

"ಓದೂದ ಬ್ಯಾಡ್ರಿ ಮೇಡಮ್, ಸೀದಾ ಶಾಲ ಹಾಕ್ರಿ" ಎಂದು ಸಂಗಮೇಶ ಸರ್ ಕಿವಿಯಲ್ಲಿ ಅಂದರು.

"ಪದ್ಧತಿ ಬಿಡಾಕ ಬರೂದಿಲ್ರಿ ಸರ್."

ಒಂದೊಂದೇ ಮಾತು ಬಿಡಿಸಿ ಬಿಡಿಸಿ ಓದಿದೆ. 'ಒಣರೊಟ್ಟಿ ಜನರಿಗೆ ಕಾಣದಿರಲೆಂದು ನನ್ನವ್ವ ತುಂಗಾಬಾಯಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು' ಎಂಬಲ್ಲಿ ಬೇಕೆಂದೇ ನಿಂತೆ.

ತುಂಗಾಬಾಯಿ ಕುರ್ಚಿ ಹಿಡಿದು ಎದ್ದಳು. "ಲೇ ಸಂಗ್ಯಾ! ನಾ ಗೋಡಿಗೆ ಮಾರಿ ಮಾಡಿ ಉಂಡೇನೇನಲೇ? ನಮ್ಮಪ್ಪನ ಮನ್ಯಾಗ ಹಾಲು ತುಪ್ಪ ಚೆಲ್ಯಾಡ್ತಿದ್ವು! ಏನ್ ತಿಂದ ಬರದೀಯೋ ಇದನ್ನ?"

ಸಭೆ ಗೊಳ್ಳೆಂದು ನಕ್ಕಿತು. ಸಂಗಮೇಶ ಸರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮಾಡಿದ್ದುಣ್ಣೋ ಮಹಾರಾಯ! ನನ್ನ ಹೊಟ್ಟೆ ತಣ್ಣಗಾಯಿತು.

ಆದರೆ ತುಂಗಾಬಾಯಿಯ ಮಾತು ಮುಗಿದಿರಲಿಲ್ಲ. "ಹಂಗ ಉಣ್ಣಾಕಿ ನಮ್ಮ ಶೆಡ್ಡಿನ ಕೂಲ್ಯಾಕಿ, ಸಾವಂತ್ರಿ. ಆಕಿ ಮಾರಿ ನೋಡಕೋತ ನಾವು ಉಣ್ಣೂದಿಲ್ಲಂತ ಉಳದ ಕೂಲಿ ಹೆಣ್ಮಕ್ಕಳು ಅಂದ್ರು. ಅದಕ್ಕ ನಾನ ಆಕೀನ್ನ ಗೋಡಿ ಕಡೆ ತಿರುಗಿಸಿ ಕುಂದರಸ್ತಿದ್ದೆ. ಆ ಕುಲದಾಕಿ ಜಾಗಾದಾಗ ನನ್ನ ಕುಂದರಸ್ತಿ ಏನೋ?"

ನಗು ನಿಂತಿತು. ಇಷ್ಟು ವರ್ಷ ನಾನು ಅವ್ವನ ಸ್ವಾಭಿಮಾನ ಎಂದು ಬಣ್ಣಿಸುತ್ತಿದ್ದದ್ದು ಈ ಹೆಂಗಸಿನ ಹುಕುಂ ಆಗಿತ್ತು. ನಾನೇ ಕಾರಿನಲ್ಲಿ ಕರೆತಂದು, ಅವ್ವನ ಎದುರಿಗೇ, ತುಂಬಿದ ಸಭೆಯಲ್ಲಿ ಆ ಮಾತು ಆಡಿಸಿದ್ದೆ. ಅಯ್ಯೋ, ಎದೆ ಒಡೆದು ಹೋಯಿತು.

ಏನು ಮಾಡಲೂ ತೋಚದೆ ಬಳಗದ ಮೃಣಾಲ ಒಗ್ಗರಣೆ ಚುರಮುರಿ ಸೂಸಲಾ, ಮಿರ್ಚಿ ಭಜಿಯ ಪ್ಲೇಟುಗಳನ್ನು ಹಂಚತೊಡಗಿದಳು. ಅವ್ವ ಒಂದು ಪ್ಲೇಟು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಎಳೆಯುತ್ತ ಬಂದಳು. ಆಗಲೇ ಕುಸಿದು ಕೂತಿದ್ದ ತುಂಗಾಬಾಯಿಗೆ ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು.

"ಬಾಯಾರ, ನಾ ಸಾವಂತ್ರವ್ವ. ಗುರ್ತ ಸಿಕ್ತೇನ್ರಿ?"

ತುಂಗಾಬಾಯಿ ಮುಖ ತಿರುಗಿಸಿದಳು. ಆ ಕಡೆ ಗೋಡೆ ಇತ್ತು.

"ಅವ್ವಾ, ನನ್ನ ಮುಂದ ಯಾಕ ಸುಳ್ಳ ಹೇಳಿದಿ ಬೇ?" ಎಂದೆ.

"ಖರೇ ಹೇಳಿದ್ರ ಸಾಲಿ ಬಿಟ್ಟ ಶೆಡ್ಡಿಗೆ ಜಗಳಕ್ಕ ಬರ್ತಿದ್ದಿ. ಈಗ ಕಲ್ತೀಯಲ್ಲ, ಓದು. ಮೊದಲಿಂದ ಓದು. ಹೆಸರು ತಿದ್ದಿ ಓದು" ಎಂದು ಅವ್ವ ಮಿರ್ಚಿ ಕಚ್ಚಿದಳು.

ಓದಿದೆ. ಉಂಡವಳು ಸಾವಂತ್ರವ್ವ, ಗೋಡೆಗೆ ತಿರುಗಿಸಿದವಳು ತುಂಗಾಬಾಯಿ, ಕದ್ದವರು ಸಂಗಮೇಶ ಸರ್. ಒಂದು ಹೆಸರನ್ನೂ ಬಿಡದೆ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಓದಿದೆ. ತುಂಗಾಬಾಯಿಗೆ ಎದ್ದು ಹೋಗಲು ಬರುವಂತಿರಲಿಲ್ಲ. ಮೊಣಕಾಲು ನೋವು, ಕಾರಿನ ಚಾವಿ ನನ್ನ ಕೈಯಲ್ಲಿ. ಅವ್ವ ಅವಸರ ಮಾಡದೆ ಪ್ಲೇಟು ಖಾಲಿ ಮಾಡಿ, ಮೃಣಾಲಳಿಂದ ಇನ್ನೊಂದು ಕೇಳಿ ತೆಗೆದುಕೊಂಡಳು.