ಹಿಂದಿನ ಸಾಲಿನ ಮುಖಪುಟ

ಒಂದು ಸಂಗೀತ ಪತ್ರಿಕೆಯನ್ನು ಮುಖಪುಟದಿಂದ ಕೊನೆಯ ಹಾಳೆಯವರೆಗೆ ವಿನ್ಯಾಸ ಮಾಡಬೇಕು, ಜೊತೆಗೆ ‘ಈ ಕೆಲಸದಿಂದ ನಾನು ಕಲಿತದ್ದು’ ಅಂತ ಒಂದು ಪುಟ ಬರೆದು ಸೇರಿಸಬೇಕು. ನಮ್ಮ ಡಿಸೈನ್ ಕೋರ್ಸಿನ ಕೊನೆಯ ಪರೀಕ್ಷೆ ಇದೇ. ಕಳೆದ ವರ್ಷ ಆ ಪುಟದಲ್ಲಿ ನಾನು ‘ತಾಳ್ಮೆ ಕಲಿತೆ, ಹೊಂದಾಣಿಕೆ ಕಲಿತೆ’ ಎಂದೆಲ್ಲ ಬುರುಡೆ ಬಿಟ್ಟಿದ್ದೆ. ಫೇಲಾದೆ. ಮುಖಪುಟ ಒಂದರಲ್ಲೇ ಹನ್ನೊಂದು ಬಗೆಯ ಅಕ್ಷರ ತುರುಕಿದವಳು ಪಾಸಾಗಿದ್ದರೆ ಅದೇ ಅನ್ಯಾಯವಾಗುತ್ತಿತ್ತು, ಬಿಡಿ.

ಈ ವರ್ಷದ್ದು ಎರಡನೇ ಸಲ. ಮೂರನೇ ಸಲ ಅನ್ನುವುದು ಇಲ್ಲ, ಈಗ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ವಾದ್ಯ ರಿಪೇರಿ ಅಂಗಡಿ ಇಟ್ಟಿರುವ ಅಪ್ಪ ಆಗಲೇ ತನ್ನ ಮೇಜಿನ ಪಕ್ಕ ಒಂದು ಸ್ಟೂಲು ತಂದು ಹಾಕಿದ್ದ. ಯಾರಿಗೆ ಎಂದು ಕೇಳಿದರೆ, “ಇರ್ಲಿ ಬಿಡು, ಯಾರಿಗಾದ್ರೂ ಬೇಕಾಗುತ್ತೆ” ಅನ್ನುತ್ತಿದ್ದ. ಅಪ್ಪನದು ಕೆಟ್ಟ ಮನಸ್ಸಲ್ಲ. ಆದರೂ ಅದು ನನಗೇ ಎಂದು ಗೊತ್ತಿದ್ದರಿಂದ, ಆ ಸ್ಟೂಲು ಕಣ್ಣಿಗೆ ಬಿದ್ದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಅಂಟಿನ ವಾಸನೆಯ ನಡುವೆ ಕೂತು ಜೀವನಪೂರ್ತಿ ತಂತಿ ಬಿಗಿಯುವುದು ನನಗೆ ಬೇಕಿರಲಿಲ್ಲ.

ಎಲ್ಲರೂ ಮುಖಪುಟಕ್ಕೆ ಹಾಡುವವರನ್ನೇ ಹಾಕಿದರು. ನಾನು ಪತ್ರಿಕೆಗೆ ‘ಹಿಂದಿನ ಸಾಲು’ ಎಂದು ಹೆಸರಿಟ್ಟು ನಮ್ಮತ್ತೆಯನ್ನು ಹಾಕಿದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಊರಿನ ದೊಡ್ಡ ವಾದ್ಯವೃಂದದಲ್ಲಿ ಇಪ್ಪತ್ತೆರಡು ವರ್ಷದಿಂದ ಕೊನೆಯ ಸಾಲಿನಲ್ಲಿ ಕೂತು ಪಿಟೀಲು ನುಡಿಸುತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಪೇಪರಿನಲ್ಲಿ ಅವಳ ಫೋಟೋ ಬಂದದ್ದು ಒಂದೇ ಸಲ, ಅದರಲ್ಲೂ ಬರೀ ಮೊಣಕೈ. “ನೋಡೇ, ನನ್ನ ಮೊಣಕೈ ಎಷ್ಟು ಫೇಮಸ್ಸು!” ಎಂದು ಆ ತುಣುಕನ್ನು ಬಂದವರಿಗೆಲ್ಲ ತೋರಿಸಿ ನಗುತ್ತಾಳೆ. ಅವಳು ಅದನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಾಳಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ನಗು ಬರುವುದಿಲ್ಲ.

ತಾಲೀಮಿನ ದಿನ ನಾನೇ ಹೋಗಿ ಅವಳ ಫೋಟೋ ತೆಗೆದೆ. ಗದ್ದದ ಕೆಳಗೆ ಪಿಟೀಲು, ಎತ್ತಿ ಹಿಡಿದ ಕಮಾನು, ಪಕ್ಕಕ್ಕೆ ಏನನ್ನೋ ನೋಡುತ್ತಿರುವ ಕಣ್ಣು. ಚಿತ್ರ ಚೆನ್ನಾಗಿಯೇ ಬಂತು. ತೊಂದರೆ ಇದ್ದದ್ದು ನಮ್ಮ ಮೇಷ್ಟ್ರ ಕಡೆಯಿಂದ. ಸ್ಟೀಲಿನ ಅಳತೆಪಟ್ಟಿ ಬಿಟ್ಟು ಅವರು ಊಟಕ್ಕೂ ಹೋಗುವವರಲ್ಲ, ನಾವಿಟ್ಟ ಹೆಸರೂ ಅಳತೆಪಟ್ಟಿಯೇ. ಅವರದು ಎರಡು ಕಟ್ಟಪ್ಪಣೆ. ಅಂಗಡಿಯವರು ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಎಡಗಡೆಯ ಅಂಚು ಮಾತ್ರ ಕಾಣುತ್ತದೆ, ಆದ್ದರಿಂದ ತಲೆಬರಹಗಳೆಲ್ಲ ಎಡಕ್ಕಿರಬೇಕು. ಮುಖಪುಟದ ಮುಖ ಆ ತಲೆಬರಹಗಳ ಕಡೆಗೇ ನೋಡಬೇಕು. ನಮ್ಮತ್ತೆ ನೋಡುತ್ತಿದ್ದದ್ದು ಬಲಕ್ಕೆ.

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದೆ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಯಿತು, ಅತ್ತೆ ಎಡಕ್ಕೆ ತಿರುಗಿದಳು. ಏನು ಹೊಂದಿಕೆ, ಏನು ಚೆಂದ! ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಪ್ರಿಂಟ್ ಹಾಕಿಸಿಕೊಂಡು, ಬೀಗುತ್ತಾ ಅಪ್ಪನ ಅಂಗಡಿಗೆ ಹೋಗಿ ಮೇಜಿನ ಮೇಲೆ ಹರಡಿದೆ.

ಅಪ್ಪ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. ನೋಡಿದ. ಮತ್ತೆ ನೋಡಿದ.

“ನಿಮ್ಮತ್ತೆ ಯಾವಾಗಿಂದ ಎಡಗೈಲಿ ಕಮಾನು ಹಿಡೀತಿದಾಳೆ?”

ನಾನೂ ಬಗ್ಗಿ ನೋಡಿದೆ. ಕಮಾನು ಎಡಗೈಗೆ ಹೋಗಿತ್ತು, ಪಿಟೀಲು ಬಲ ಭುಜಕ್ಕೆ ಹತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಪಿಟೀಲು ನೋಡಿಕೊಂಡು ಬೆಳೆದವಳು ನಾನು.

“ಆ ಸಾಲಲ್ಲಿ ಕೂತು ಈ ಕೈಲಿ ಎಳೆದ್ರೆ ಪಕ್ಕದವರ ಕಣ್ಣು ಕಿತ್ತು ಬರುತ್ತೆ ಪುಟ್ಟಿ. ಇಪ್ಪತ್ತೆರಡು ವರ್ಷಕ್ಕೆ ಒಂದು ಫೋಟೋ, ಅದರಲ್ಲೂ ಅವಳಿಗೆ ಪಿಟೀಲು ಹಿಡಿಯೋಕೆ ಬರಲ್ಲ ಅನ್ನೋ ಹಾಗೆ ಮಾಡಿದೀಯಲ್ಲ!”

ಅಲ್ಲಿದ್ದದ್ದು ಒಂದೇ ಖಾಲಿ ಜಾಗ. ಆ ಹಾಳು ಸ್ಟೂಲಿನ ಮೇಲೆಯೇ ಕುಸಿದು ಕೂತೆ. ಚಿತ್ರವನ್ನು ಮತ್ತೆ ನೆಟ್ಟಗೆ ಮಾಡಿದರೆ ಅತ್ತೆ ತಲೆಬರಹಗಳಿಗೆ ಬೆನ್ನು ಹಾಕುತ್ತಾಳೆ, ಮೇಷ್ಟ್ರು ನನ್ನನ್ನು ಹೊರಗೆ ಹಾಕುತ್ತಾರೆ. ಹಾಗೇ ಬಿಟ್ಟರೆ ನಾಳೆ ಪಾಸಾಗಬಹುದು, ಆದರೆ ಅತ್ತೆಗೆ ತೋರಿಸುವುದಾದರೂ ಹೇಗೆ? ಸಿಟ್ಟಿನಿಂದ ಅಪ್ಪನ ಮೇಲೇ ಹರಿಹಾಯ್ದೆ.

“ಅಷ್ಟಕ್ಕೂ ಇವಳು ಆ ಕಡೆ ಏನು ಅಂತ ನೋಡ್ತಿದ್ಳು?”

“ಇನ್ನೇನು ನೋಡ್ತಾಳೆ, ಸ್ವರ ಬರೆದಿರೋ ಹಾಳೆ!” ಅಂದ ಅಪ್ಪ. “ಒಂದು ಸ್ಟ್ಯಾಂಡಿಗೆ ಇಬ್ರು ಕೂರ್ತಾರೆ, ಹಾಳೆ ಒಂದೇ ಇರುತ್ತೆ. ಪುಟ ಮುಗೀತಾ ಬಂದಾಗ ಒಬ್ರು ನುಡಿಸ್ತಾ ಇರ್ಬೇಕು, ಇನ್ನೊಬ್ರು ನಿಲ್ಲಿಸಿ ಪುಟ ತಿರುವಬೇಕು. ತಿರುವೋಳು ನಿಮ್ಮತ್ತೆ. ಇಪ್ಪತ್ತೆರಡು ವರ್ಷದಿಂದ ಅವಳೇ.”

ನಾನು ಎದ್ದು ನಿಂತೆ. ಪುಟ ತಿರುವಲು ಕಾಯುತ್ತಾ ಅತ್ತೆ ನೋಡುತ್ತಿದ್ದದ್ದು ಮುಖಪುಟದ ಬಲಗಡೆಯ ಅಂಚಿನ ಕಡೆಗೆ. ಓದುವವರು ಪತ್ರಿಕೆ ತೆರೆಯಲು ಬೆರಳು ಇಡುವುದೂ ಅಲ್ಲಿಯೇ. ಕಣ್ಣ ಮುಂದೆ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆನಲ್ಲ!

ಕಂಪ್ಯೂಟರ್ ಲ್ಯಾಬಿಗೆ ಓಡಿದೆ. ಚಿತ್ರ ನೆಟ್ಟಗೆ ಮಾಡಿದೆ. ಎಡಗಡೆಯ ಆರು ತಲೆಬರಹಗಳಲ್ಲಿ ಐದನ್ನು ಕಿತ್ತು ಬಿಸಾಕಿದೆ. ಉಳಿದ ಒಂದನ್ನು ಸಣ್ಣ ಅಕ್ಷರದಲ್ಲಿ ಬಲ ಅಂಚಿಗೆ, ಅವಳ ಕಣ್ಣಿನ ನೇರಕ್ಕೆ ಇಟ್ಟೆ. ಒಳಗಿನ ಪರಿವಿಡಿಯನ್ನು ಸ್ಟ್ಯಾಂಡಿನ ಮೇಲೆ ಬಿಡಿಸಿಟ್ಟ ಸಂಗೀತದ ಹಾಳೆಯ ಹಾಗೆ ಮಾಡಿದೆ. ಕೊನೆಯದಾಗಿ ‘ಕಲಿತದ್ದು’ ಪುಟ. ಈ ಸಲ ಬುರುಡೆ ಬಿಡಲಿಲ್ಲ. ಅತ್ತೆಯ ಕೈ ಬದಲಿಸಿದ್ದು, ಅಪ್ಪ ಕಂಡುಹಿಡಿದದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಪ್ರಿಂಟ್ ಅಂಗಡಿಯವನು ಬಾಗಿಲು ಎಳೆಯುವ ಹೊತ್ತಿಗೆ ಹೊಸ ಪ್ರತಿ ಕೈಯಲ್ಲಿತ್ತು.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಹೊರಗಿನಿಂದ ಪತ್ರಿಕೆಯೊಂದರ ಸಂಪಾದಕಿ ಬಂದಿದ್ದರು. ನನ್ನ ಪ್ರತಿ ನೋಡಿದ್ದೇ ತಡ, ಮೇಷ್ಟ್ರು ಅಳತೆಪಟ್ಟಿಯಿಂದ ಅದರ ಎಡಗಡೆ ಕುಟ್ಟಿದರು.

“ಇಲ್ಲಿ ಏನೂ ಇಲ್ಲ. ಮುಖ ಆ ಕಡೆ ಹೊರಟೋಗಿದೆ. ಫೋಟೋ ತಿರುಗಿಸೋಕೆ ಒಂದು ಗುಂಡಿ ಒತ್ತಿದ್ರೆ ಆಗ್ತಿತ್ತಲ್ಲಮ್ಮ! ಆರು ತಿಂಗಳಿಂದ ಬಡ್ಕೊಂಡಿದೀನಿ. ಅಲ್ಲಿ ನೋಡು, ನನ್ನದು!”

ಅಳತೆಪಟ್ಟಿ ಗೋಡೆಯ ಕಡೆ ತಿರುಗಿತು. ಮೇಷ್ಟ್ರು ಹಿಂದೆಂದೋ ಬಹುಮಾನ ಗೆದ್ದ ಮುಖಪುಟ ಅಲ್ಲಿ ಚೌಕಟ್ಟಿನೊಳಗೆ ತೂಗುತ್ತಿತ್ತು. ಎದೆಗೆ ತೂಗುಹಾಕಿಕೊಂಡು ಎರಡೂ ಕೈಯಿಂದ ತಿದಿ ಎಳೆದು ನುಡಿಸುವ ಅಕಾರ್ಡಿಯನ್ ಹಿಡಿದ ಮುದುಕ, ತಲೆಬರಹಗಳ ಕಡೆ ನೋಡುತ್ತಾ ನಗುತ್ತಿದ್ದಾನೆ. ಎರಡು ವರ್ಷದಿಂದ ದಿನಾ ನೋಡಿದ ಚಿತ್ರ. ಇವತ್ತು ಮೊದಲ ಸಲ ಅಪ್ಪನ ಕಣ್ಣಿನಿಂದ ನೋಡಿದೆ, ಬಾಯಿ ತಡೆಯಲಾಗಲಿಲ್ಲ.

“ಸರ್, ಅಕಾರ್ಡಿಯನ್ನಿನಲ್ಲಿ ಪಿಯಾನೋ ಥರದ ಕಪ್ಪು-ಬಿಳಿ ಮನೆಗಳು ಇರೋದು ಬಲಗೈಗೆ. ನಿಮ್ಮ ಚಿತ್ರದ ತಾತನಿಗೆ ಎಡಗೈಲಿವೆ. ಮೂವತ್ತು ವರ್ಷ ರಿಪೇರಿ ಮಾಡಿದ ನಮ್ಮಪ್ಪ ಅಂಥದ್ದು ಒಂದನ್ನೂ ನೋಡಿಲ್ಲ.”

ಸಂಪಾದಕಿ ಎದ್ದು ಚೌಕಟ್ಟಿನ ಹತ್ತಿರ ಹೋದರು. ಮೇಷ್ಟ್ರೂ ಹೋದರು, ತಮ್ಮ ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ಲೆಕ್ಕ ಹಾಕಿದರು. ನನ್ನ ಕತೆ ಮುಗಿಯಿತು ಅಂದುಕೊಂಡೆ.

“ಹದಿನೆಂಟು ವರ್ಷ,” ಅಂದರು ಮೇಷ್ಟ್ರು. “ಹದಿನೆಂಟು ವರ್ಷದಲ್ಲಿ ಒಬ್ಬರಾದ್ರೂ ಹೇಳಬಾರದಿತ್ತೇನ್ರೋ!” ಆಮೇಲೆ ಅವರೇ ನಗಲು ಶುರುಮಾಡಿದರು. ಅವರ ಹಲ್ಲು ಕಂಡದ್ದು ನಮಗೆ ಅದೇ ಮೊದಲು.

ಸಂಪಾದಕಿ ವಾಪಸು ಬಂದು ನನ್ನ ಪತ್ರಿಕೆ ಎತ್ತಿಕೊಂಡರು. ಅತ್ತೆಯ ಮುಖ ನೋಡಿದರು. ಅವರ ಹೆಬ್ಬೆರಳು ತಾನಾಗಿಯೇ ಬಲ ಅಂಚಿಗೆ ಹೋಗಿ ಪುಟ ತೆರೆಯಿತು. ತೆರೆದ ಮೇಲೆ ಅವರು ತಮ್ಮ ಬೆರಳನ್ನೇ ನೋಡಿಕೊಂಡರು.

“ಪುಟ ತಿರುವು ಅಂತ ಇವರೇ ಹೇಳಿದ ಹಾಗಾಯ್ತಲ್ಲ,” ಅಂದರು. “ಯಾರಮ್ಮ ಇವರು?”

“ನಮ್ಮತ್ತೆ!” ಅಂದೆ. ಕೂಗಿದೆ ಅನ್ನುವುದೇ ಸರಿ.

ಪಾಸಾದೆ. ಪಾಸಾಗುವುದೇನು ಬಂತು, ತರಗತಿಗೇ ಮೊದಲನೆಯವಳಾದೆ. ಮೇಷ್ಟ್ರು ಚೌಕಟ್ಟು ಇಳಿಸಿ, ಮುದುಕನನ್ನು ಹೊರಗೆ ತೆಗೆದು, ಅಳತೆಪಟ್ಟಿ ಹಿಡಿದು ನಾಲ್ಕೂ ಕಡೆ ಅಳೆದು ನಮ್ಮತ್ತೆಯನ್ನು ಕೂರಿಸಿದರು.

ಇನ್ನೊಂದು ಪ್ರತಿಯನ್ನು ಹಿಡಿದು ಅಂಗಡಿಗೆ ಹಾರಿಕೊಂಡೇ ಬಂದೆ. ತಂತಿ ಬದಲಿಸಿಕೊಳ್ಳಲು ಅತ್ತೆಯೂ ಬಂದಿದ್ದಳು. ಪತ್ರಿಕೆಯನ್ನು ಅವಳ ಕೈಗಿಟ್ಟೆ. ಅವಳು ನಗಲಿಲ್ಲ, ತಮಾಷೆ ಮಾಡಲಿಲ್ಲ. ಚಿತ್ರದಲ್ಲಿ ಕಮಾನು ಹಿಡಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

“ಕೈ ಸರಿಯಾಗಿ ಹಿಡ್ದಿದೀನಿ ಅಲ್ವೇನೋ?” ಎಂದು ಅಪ್ಪನನ್ನು ಕೇಳಿದಳು. ಕಣ್ಣು ತುಂಬಿತ್ತು.

“ಸರಿಯಾಗೇ ಇದೆ ಅಕ್ಕ,” ಅಂದ ಅಪ್ಪ. ಆಮೇಲೆ ಎದ್ದು, ನನ್ನ ಮುಖ ನೋಡದೆ, ಮೇಜಿನ ಪಕ್ಕದ ಸ್ಟೂಲನ್ನು ಎತ್ತಿ ಬಾಗಿಲ ಹತ್ತಿರ ಗಿರಾಕಿಗಳು ಕೂರುವ ಜಾಗದಲ್ಲಿ ಇಟ್ಟು ಬಂದ.