ಸಣ್ಣ ದೋಣಿಯಲ್ಲಿ ಮಲಗಿದ ಕಡಲಸಿಂಹ

ದಡಕ್ಕೆ ಹೋಗಲು ಇದ್ದದ್ದು ಅದೊಂದೇ ಸಣ್ಣ ದೋಣಿ. ಗಂಡ ಹೆಂಡತಿ ಸಂಸಾರ ಹೂಡಿದ್ದ ಹಾಯಿದೋಣಿಯ ಹಿಂಬದಿಗೆ ಅದನ್ನು ಹಗ್ಗದಿಂದ ಕಟ್ಟಿದ್ದರು. ಈ ಬೆಳಿಗ್ಗೆ ಅದರೊಳಗೊಂದು ಕಡಲಸಿಂಹ, ಈಜುರೆಕ್ಕೆಗಳ ದಪ್ಪ ಕಡಲಪ್ರಾಣಿ, ಮಾವನ ಮನೆಗೆ ಬಂದ ಅಳಿಯನ ಹಾಗೆ ಹೊಟ್ಟೆ ಮೇಲೆ ಮಾಡಿಕೊಂಡು, ಮೀಸೆ ಅದುರಿಸುತ್ತ ಗೊರಕೆ ಹೊಡೆಯುತ್ತಿತ್ತು. ಅದರ ನಾತಕ್ಕೆ ಮೂಗು ಬಿಡುವಂತಿರಲಿಲ್ಲ.

ಚೀಲ ಹೆಗಲಿಗೇರಿಸಿ ಮೇಲೆ ಬಂದ ಹೆಂಡತಿ ಅದನ್ನು ನೋಡಿ ಅಲ್ಲೇ ಕುಸಿದು ಕೂತಳು. ಅಕ್ಕನ ಊರಿಗಿದ್ದದ್ದು ಮಧ್ಯಾಹ್ನದ ಒಂದೇ ಬಸ್ಸು. ಗಂಡನಿಗೆ ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದಳು. ಚೀಲದಲ್ಲಿ ಮಾತ್ರ ತನ್ನ ಬಟ್ಟೆಯನ್ನೆಲ್ಲ ತುಂಬಿದ್ದಳು. ಈ ಬಸ್ಸು ತಪ್ಪಿದರೆ ಮತ್ತೆ ಹೊರಡುವ ಧೈರ್ಯ ತನಗೆ ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ರೀ, ಎಬ್ಬಿಸ್ರಿ ಅದನ್ನ."

ಗಂಡ ಬೇರೆಯವರ ಹರಿದ ಹಾಯಿ ಹೊಲಿದುಕೊಡುವ ದರ್ಜಿ. ಸೂಜಿ ಬದಿಗಿಟ್ಟು ಬಗ್ಗಿ ನೋಡಿದವನ ಮುಖ ಅರಳಿತು. "ಪಾಪ ಕಣೇ, ಎಲ್ಲಿಂದ ಈಜ್ಕೊಂಡು ಬಂತೋ ಏನೋ. ಸುಸ್ತಾಗಿದೆ. ಮಲ್ಕೊಳ್ಲಿ ಬಿಡು, ತಾನೇ ಎದ್ದು ಹೋಗುತ್ತೆ."

ತಾನೇ ಎದ್ದು ಹೋಗುವವುಗಳ ಕಥೆ ಅವಳಿಗೆ ಸಾಕಷ್ಟು ಗೊತ್ತಿತ್ತು. ಮಡಿಸಿಟ್ಟ ಹಾಯಿಯೊಳಗೆ ಹಕ್ಕಿಯೊಂದು ಗೂಡು ಕಟ್ಟಿದಾಗ, ಮರಿಗಳು ಹಾರುವ ತನಕ ಈ ಮಹಾಶಯ ಲಂಗರು ಎತ್ತಲಿಲ್ಲ. ಒಳ್ಳೆಯ ಗಾಳಿಯ ಕಾಲ ಕೈತಪ್ಪಿ, ಮುಂದಿನ ದಾರಿಯೆಲ್ಲ ಬಿರುಗಾಳಿಯಲ್ಲೇ ಸಾಗಿತು. ನಡುಗಡಲಲ್ಲಿ ತಿಮಿಂಗಿಲವೊಂದು ಪಕ್ಕದಲ್ಲೇ ನಿದ್ದೆ ಹೋದಾಗ, ಅದಕ್ಕೆ ಎಚ್ಚರವಾದೀತೆಂದು ಎಂಜಿನ್ ಆರಿಸಿದ. ಕಣ್ತುಂಬ ನೋಡಿ, ಕೆಳಗೆ ಹೋಗಿ ಮಲಗಿಯೂಬಿಟ್ಟ. ಅದು ಬಾಲ ಆಡಿಸಿದರೆ ತಮ್ಮ ಗತಿಯೇನೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳು ಇವಳು. ಕಡಲ ಮೇಲೆ ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಲೇಬೇಕು. ವರ್ಷಗಟ್ಟಲೆ ಹಾಗೆ ಅರ್ಧರ್ಧ ಮಲಗಿ, ಈಗ ಲಂಗರು ಹಾಕಿ ನಿಂತಾಗಲೂ ಹಗ್ಗ ಕಿರುಗುಟ್ಟಿದರೆ ಅವಳು ಎದ್ದು ಕೂರುತ್ತಿದ್ದಳು. ದಣಿವು ಮೂಳೆಗೆ ಇಳಿದಿತ್ತು.

ಬಿಸಿಲು ಏರಿತು. ಪ್ರಾಣಿ ಒಮ್ಮೆ ಮಗ್ಗುಲಾಯಿತು. ಅವಳು ಆಸೆಯಿಂದ ಎದ್ದು ನಿಂತಳು. ಅದು ಹೊಟ್ಟೆ ಕೆರೆದುಕೊಂಡು ಮತ್ತೆ ಮಲಗಿತು.

"ನಾಳೆ ಹೋದ್ರಾಯ್ತು ಬಿಡೇ," ಎಂದ ಗಂಡ. "ಅಕ್ಕ ಎಲ್ಲಿ ಓಡಿಹೋಗ್ತಾರೆ? ಸುಸ್ತಾಗಿ ಮಲಗಿರೋದನ್ನ ಎಬ್ಬಿಸಬಾರದು."

ಅವಳು ಕೂಗಾಡಲಿಲ್ಲ. ಕೂಗಾಡಲೂ ತ್ರಾಣ ಬೇಕು.

"ನನಗೂ ಸುಸ್ತಾಗಿದೆ ಅಂತ ಹೇಳ್ತಾನೇ ಇದ್ದೀನಿ ರೀ. ಗಾಳಿ ಬದಲಾದ್ರೆ ಸರಿಹೋಗುತ್ತೆ ಅಂದ್ರಿ. ಸ್ವಲ್ಪ ಹೊಂದ್ಕೋ ಅಂದ್ರಿ. ಪಾಪ ಅಂತ ಒಂದ್ಸಲಾನೂ ಅನ್ಲಿಲ್ಲ. ನನಗೂ ಮೀಸೆ ಇದ್ದಿದ್ರೆ ಅಂತಿದ್ರೇನೋ."

ಅವನು ನಗಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಹಗ್ಗ ಎಳೆದು ಸಣ್ಣ ದೋಣಿಯನ್ನು ಹತ್ತಿರ ತಂದು, ಹುಟ್ಟು ಕೈಗೆತ್ತಿಕೊಂಡ.

"ಏಳಪ್ಪಾ, ಸಾಕು," ಎಂದು ಮೆಲ್ಲಗೆ ತಟ್ಟಿದ. ಜಪ್ಪಯ್ಯ ಅಂದರೂ ಅದು ಏಳಲಿಲ್ಲ. ಕೊನೆಗೆ ಹುಟ್ಟಿನಿಂದ ನೀರಿಗೆ ಪಟಪಟ ಬಡಿಯುತ್ತ ಗಂಟಲು ಹರಿಯುವಂತೆ ಕಿರುಚಿದ. ಕಡಲಸಿಂಹ ಅವನ ಮುಖಕ್ಕೇ ಒಮ್ಮೆ ಗರ್ಜಿಸಿ, ಬೇಸರದಿಂದ ನೀರಿಗೆ ಜಾರಿತು. ಅವನು ಬಕೆಟ್ ಬಕೆಟ್ ನೀರು ಹೊಯ್ದು ದೋಣಿ ತೊಳೆದ. ಅವಳು ಕೂರುವ ಹಲಗೆಯನ್ನು ತನ್ನ ಅಂಗಿ ಬಿಚ್ಚಿ ಒರೆಸಿದ.

ದಡದಲ್ಲಿ ಚೀಲ ಎತ್ತಿಕೊಡುವಾಗ ಅದರ ಭಾರ ಅವನಿಗೆ ಎಲ್ಲವನ್ನೂ ಹೇಳಿತು.

"ನೀನು ನಾಲ್ಕು ದಿನ ಅಂದಿದ್ದೆ."

"ಹೂಂ."

"ಯಾವಾಗ ಬರ್ತೀಯ?"

ಸುಳ್ಳು ಹೇಳಲೂ ಅವಳಿಗೆ ಶಕ್ತಿ ಇರಲಿಲ್ಲ. "ನಿದ್ದೆ ಮುಗೀಲಿ. ಆಮೇಲೆ ನೋಡ್ತೀನಿ."

ಅವನು ತಲೆಯಾಡಿಸಿದ. ದೋಣಿಯ ಹಗ್ಗವನ್ನು ಸುಮ್ಮಸುಮ್ಮನೆ ಸುತ್ತಿದ, ಬಿಚ್ಚಿದ. "ಯಾರೂ ನಿನ್ನ ಎಬ್ಬಿಸಬಾರದು ಅಂತ ಅಕ್ಕನಿಗೆ ಹೇಳು," ಎಂದ.

ಈ ಮಾತನ್ನು ಹೋದ ವರ್ಷ ಆಡಿದ್ದರೆ ತಾನು ಹೊರಡುತ್ತಲೇ ಇರಲಿಲ್ಲವೇನೋ ಎಂದುಕೊಳ್ಳುತ್ತ ಅವಳು ಬಸ್ಸು ಹತ್ತಿದಳು.