ಅಲ್ವೀನೆ ಅತ್ತೆಯ ಒಂದು ಗೀಟು

ಓಟು ಹಾಕಿದವರ ಪಾಸ್‌ಪೋರ್ಟಿಗೆ, ಅಂದರೆ ಊರಲ್ಲೂ ಎಲ್ಲರ ಬಳಿ ಇರುವ ಗುರುತಿನ ಪುಸ್ತಕಕ್ಕೆ, ಮುದ್ರೆ ಒತ್ತುವುದು ನನ್ನ ಕೆಲಸವಾಗಿತ್ತು. ನಾನು ಪಂಚಾಯಿತಿ ಕಚೇರಿಯ ಗುಮಾಸ್ತೆ. ಅಕ್ಷರ ಚೆನ್ನಾಗಿದೆಯೆಂದು ಆರಿಸಿದ್ದರು. ಅದು 1940ರ ಜುಲೈ. ಎಸ್ಟೋನಿಯದ ತುಂಬ ಸೋವಿಯತ್ ಸೈನ್ಯ ಬಂದು ನಾಲ್ಕು ವಾರವಾಗಿತ್ತು. ಶಾಲೆಯ ಕೋಣೆಯಲ್ಲಿ ಮತಪೆಟ್ಟಿಗೆ, ಬಾಗಿಲಲ್ಲಿ ಅವರ ಸಿಪಾಯಿ, ಚೀಟಿಯಲ್ಲಿ ಒಂದೇ ಹೆಸರು. ಮುದ್ರೆ ಇಲ್ಲದವರನ್ನು ಮುಂದೆ ವೈರಿಗಳೆಂದು ಹುಡುಕುತ್ತಾರೆ ಎಂಬ ಮಾತು ಊರೆಲ್ಲ ಹಬ್ಬಿತ್ತು.

ಎರಡನೆಯ ದಿನ ಮಧ್ಯಾಹ್ನ ದಾಟಿದರೂ ಅಲ್ವೀನೆ ಅತ್ತೆ ಬಂದಿರಲಿಲ್ಲ. ಅಪ್ಪನ ಅಕ್ಕ ಅವಳು. ಇಪ್ಪತ್ತು ವರ್ಷದ ಹಿಂದೆ ರಷ್ಯದ ಕೆಂಪುಸೈನ್ಯದ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೊನೆಗೆ ಬುಟ್ಟಿ ಹಿಡಿದು ಬಂದಳು. ಪ್ರತಿ ಚುನಾವಣೆಗೂ ಮತಗಟ್ಟೆಯವರಿಗೆ ಕಪ್ಪು ಬ್ರೆಡ್ ತರುವುದು ಅವಳ ರೂಢಿ.

"ಓಟಿಗೆ ಬಂದಿಲ್ಲ ಕಣೇ ಸಾಲ್ಮೆ. ಇರೋದು ಒಂದೇ ಹೆಸರು, ಆರಿಸೋದೇನು ಮಣ್ಣು! ನೀನು ಹಸಿದಿರ್ತೀಯ ಅಂತ ಬಂದೆ."

"ಮೆಲ್ಲಗೆ ಅತ್ತೆ, ಸಿಪಾಯಿ ಇದ್ದಾನೆ."

"ಅವನಿಗೆಲ್ಲಿ ನಮ್ಮ ಭಾಷೆ ಬರತ್ತೆ? ಬೇಲಿಗೂಟದ ಹಾಗಿದ್ದಾನೆ. ತಡಿ, ಅವನಿಗೂ ಒಂದು ತುಂಡು ಕೊಡ್ತೀನಿ."

ಅವಳು ಆ ಕಡೆ ತಿರುಗಿದಳು. ನನ್ನ ಮೇಜಿನ ಮೇಲಿಟ್ಟಿದ್ದ ಬುಟ್ಟಿಯ ಬಟ್ಟೆಯಡಿ, ಹೊರಗೆ ಹೊರಟಾಗಲೆಲ್ಲ ಅವಳು ಒಯ್ಯುವ ಪಾಸ್‌ಪೋರ್ಟ್ ಕಾಣಿಸಿತು. ಯೋಚಿಸಲಿಲ್ಲ, ತೆಗೆದು ಮುದ್ರೆ ಒತ್ತಿಬಿಟ್ಟೆ. ಸದ್ದಿಗೆ ಅತ್ತೆ ತಿರುಗಿದಳು.

"ಏನೇ ಮಾಡ್ದೆ?"

"ನಿನ್ನ ಒಳ್ಳೇದಕ್ಕೇ ಅತ್ತೆ. ನಾಳೆ ನಿನ್ನನ್ನ ಕರ್ಕೊಂಡು ಹೋದ್ರೆ?"

"ಇಷ್ಟು ವರ್ಷ ಸುಳ್ಳಿಲ್ಲದೆ ಬದುಕಿದೀನಿ. ಈಗ ನನ್ನ ಹೆಸರಿನ ಕೆಳಗೇ ಸುಳ್ಳು ಒತ್ತಿದ್ಯಲ್ಲ."

ಶಾಯಿ ಇನ್ನೂ ಹಸಿಯಾಗಿತ್ತು. ಒರೆಸಿದರೆ ಹರಡುತ್ತಿತ್ತು, ಅಷ್ಟೆ.

"ಸರಿ, ಚೀಟಿ ಕೊಡು. ಒತ್ತಿದ್ದನ್ನ ನಿಜ ಮಾಡ್ತೀನಿ."

ವಿರುದ್ಧ ಇರುವವರು ಹೆಸರಿನ ಮೇಲೆ ಗೀಟೆಳೆಯಲೆಂದು ಮೂಲೆಯಲ್ಲಿ ಪರದೆ ಕಟ್ಟಿತ್ತು. ಎರಡು ದಿನದಲ್ಲಿ ಯಾರೂ ಅದರ ಹಿಂದೆ ಹೋಗಿರಲಿಲ್ಲ; ಎಲ್ಲರೂ ಚೀಟಿ ಮಡಚಿ ನೇರವಾಗಿ ಪೆಟ್ಟಿಗೆಗೆ ಹಾಕಿದ್ದರು. ಅತ್ತೆ ಹೋದಳು. ಪೆನ್ಸಿಲ್ ಗೀಚಿದ ಸದ್ದು ನನಗೆ ಕೇಳಿಸಿತು.

ಸಂಜೆ ಎಣಿಕೆಯಲ್ಲಿ, ಹೆಸರಿನ ಮೇಲೆ ಗೀಟೆಳೆದ ಒಂದು ಚೀಟಿ ಸಿಕ್ಕಿತು. ಮತಗಟ್ಟೆಯ ಹೊಸ ಅಧ್ಯಕ್ಷ ಅದನ್ನು ಒಮ್ಮೆ ನೋಡಿ ಪರವಾದ ಚೀಟಿಗಳ ಕಟ್ಟಿಗೆ ಸೇರಿಸಿದ.

"ವಿರುದ್ಧ, ಸೊನ್ನೆ. ಬರ್ಕೊಳ್ಳಮ್ಮ."

ಎದುರಾಡಿದ್ದರೆ, ಯಾರ ಚೀಟಿಯೆಂಬ ಪ್ರಶ್ನೆ ಏಳುತ್ತಿತ್ತು. ಬರೆದೆ. ಅತ್ತೆಗೆ ಏನಾದೀತೆಂದು ಹೆದರಿ ಬರೆದೆನೋ ನನಗೇ ಏನಾದೀತೆಂದು ಹೆದರಿ ಬರೆದೆನೋ, ಇಂದಿಗೂ ನಿಶ್ಚಯವಿಲ್ಲ.

ಮುಂದಿನ ವಾರವೇ ಹೊಸ ಸಂಸತ್ತು, ನಮ್ಮನ್ನು ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಳ್ಳಿ ಎಂದು ಬೇಡಿಕೊಂಡಿತು. ರೇಡಿಯೋದಲ್ಲಿ ಅದನ್ನು ಕೇಳಿ ಅತ್ತೆಯ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಪೊದೆಯಿಂದ ಪುಟ್ಟ ಹುಳಿ ಕರಂಟ್ ಹಣ್ಣು ಬಿಡಿಸುತ್ತಿದ್ದಳು.

"ನಮ್ಮೂರಲ್ಲಿ ವಿರುದ್ಧ ಎಷ್ಟೇ?"

"ಸೊನ್ನೆ ಅಂತ ಬರೆದಿದೆ. ಬರೆದವಳು ನಾನೇ ಅತ್ತೆ."

ಅವಳ ಕೈ ನಿಂತಿತು.

"ನನ್ನ ಗೀಟು ನೀನು ನೋಡ್ಲಿಲ್ವಾ?"

"ನೋಡಿದೆ."

"ಹಂಗಾದ್ರೆ ಒಂದು. ನಾಳೆ ಯಾರಾದ್ರೂ ಕೇಳಿದ್ರೆ ಹೇಳೋಕೆ ನೀನಿದ್ದೀಯ." ಹಣ್ಣಿನ ಬಟ್ಟಲನ್ನು ನನ್ನ ಮಡಿಲಿಗಿಟ್ಟಳು. "ಅಳ್ಬೇಡ, ಹಣ್ಣು ಉಪ್ಪಾಗತ್ತೆ. ತೊಟ್ಟು ಬಿಡಿಸು."